ಮೂರನೇ ಸಿನಿಮಾ ಹಳಬರಿಗೋ, ಹೊಸಬರಿಗೋ?

ಪ್ರಶ್ನೆ: ನಾನು ಸಿಂಧನೂರಿನವನು. ಹಳ್ಳಿ ದವಾಖಾನೆಯ ಕಂಪೌಂಡರ್ ಒಬ್ಬ ಊರಿನ ಕಳವು, ಮೋಸ, ಗುಟ್ಟುಗಳನ್ನು ಬಿಡಿಸುವ ಕಥೆ ಇಟ್ಟುಕೊಂಡು ಎರಡು ಸಿನಿಮಾ ಮಾಡಿದ್ದೇನೆ. ಎರಡೂ ನಮ್ಮ ಕಡೆಯ ಮಾತಿನಲ್ಲೇ ಇವೆ. ಮೊದಲನೆಯದು ಸಿಂಧನೂರು, ಗಂಗಾವತಿ, ಸಿರುಗುಪ್ಪ ಬಿಟ್ಟು ಹೊರಗೆ ಹೋಗಲಿಲ್ಲ. ಆಮೇಲೆ ಮೊಬೈಲಿನಲ್ಲಿ ಜನ ನೋಡಿ ಮೆಚ್ಚಿದರು. ಎರಡನೆಯದು ಬರುವ ಹೊತ್ತಿಗೆ ‘ಕಂಪೌಂಡರ್ ಕಾಕಾ’ನಿಗೆ ಅಭಿಮಾನಿಗಳೇ ಹುಟ್ಟಿಕೊಂಡಿದ್ದರು. ‘ಎರಡ್ ಗುಳಿಗಿ ಕೊಡ್ತೀನಿ, ಒಂದ್ ಖರೆ ಹೇಳು’ ಅನ್ನುವ ಅವನ ಮಾತು ಈಗ ಮದುವೆ ಮನೆಗಳಲ್ಲೂ ಕೇಳಿಸುತ್ತದೆ. ಮೂರನೆಯದಕ್ಕೆ ಬೆಂಗಳೂರಿನ ನಿರ್ಮಾಪಕರು ಮುಂದೆ ಬಂದಿದ್ದಾರೆ. ರಾಜ್ಯದ ತುಂಬ ಬಿಡುಗಡೆ, ಜೊತೆಗೆ ತೆಲುಗು ಡಬ್ಬಿಂಗ್ ಅವರ ಯೋಚನೆ. ಮೊದಲೆರಡು ನೋಡದವರಿಗಾಗಿ ಆರಂಭದಲ್ಲಿ ಹಿಂದಿನ ಕಥೆ ಹೇಳಬೇಕು, ಮಾತನ್ನು ಸ್ವಲ್ಪ ‘ಕಾಮನ್’ ಮಾಡಬೇಕು, ಕಾಕಾನ ಜೊತೆ ಒಬ್ಬ ಹುಡುಗಿಯನ್ನು ಮುಖ್ಯ ಪಾತ್ರವಾಗಿ ತರಬೇಕು ಅನ್ನುತ್ತಾರೆ. ಸುದ್ದಿ ಗೊತ್ತಾದ ಅಭಿಮಾನಿಗಳು ‘ಕಾಕಾನ ಕೆಡಿಸಿದ್ರ ನಾವು ನೋಡಂಗಿಲ್ಲ’ ಅನ್ನುತ್ತಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ನೀವು ಕಳಿಸಿದ ಚಿತ್ರಕಥೆಯ ಮೊದಲ ಇಪ್ಪತ್ತು ಪುಟ ಓದಿದೆ. ಆರಂಭದ ಹಿಂದಿನ ಕಥೆಯನ್ನು ಪೂರ್ತಿ ತೆಗೆಯಿರಿ. ಮಾತನ್ನು ಮುಟ್ಟಬೇಡಿ. ಹುಡುಗಿ ಇರಲಿ, ಆದರೆ ಈಗ ಬರೆದಿರುವ ಹಾಗೆ ಬೇಡ, ಆ ಪಾತ್ರವನ್ನು ಮತ್ತೆ ಬರೆಯಬೇಕು. ಮೂರಕ್ಕೂ ಕಾರಣ ಒಂದೇ. ಹಳಬರಿಗೆ ಇಷ್ಟು ದೃಶ್ಯ, ಹೊಸಬರಿಗೆ ಇಷ್ಟು ದೃಶ್ಯ ಎಂದು ಪಾಲು ಮಾಡಲು ಹೊರಟರೆ ಇಬ್ಬರ ಕೈಗೂ ಅರ್ಧ ಸಿನಿಮಾ ಬರುತ್ತದೆ. ಒಂದೇ ದೃಶ್ಯ ಹೊಸಬನಿಗೆ ಕಥೆಯಾಗಿಯೂ ಹಳಬನಿಗೆ ನೆನಪಾಗಿಯೂ ಕೆಲಸ ಮಾಡಬೇಕು. ಅದು ಹೇಗೆ ಅನ್ನುವುದಕ್ಕೆ ನೀವು ಬೆಂಗಳೂರಿಗೂ ಹಾಲಿವುಡ್ಡಿಗೂ ಹೋಗಬೇಕಿಲ್ಲ, ನಿಮ್ಮ ಸೀಮೆಯ ದೊಡ್ಡಾಟದಲ್ಲೇ ಇದೆ. ಅಲ್ಲಿಗೆ ಬರುವ ಮುಂಚೆ ನಿಮ್ಮ ಸರಣಿ ಯಾವ ಬಗೆಯದು ಅನ್ನುವುದನ್ನು ಇತ್ಯರ್ಥ ಮಾಡಿಕೊಳ್ಳೋಣ.

‘ಬಾಹುಬಲಿ’, ‘ಕೆಜಿಎಫ್’ ಥರದವು ಒಂದೇ ಕಥೆಯನ್ನು ಎರಡಾಗಿ ಕತ್ತರಿಸಿದವು. 2015ರಲ್ಲಿ ಕಟ್ಟಪ್ಪ ಯಾಕೆ ಕೊಂದ ಎಂದು ಕೇಳಿಕೊಂಡು ಥಿಯೇಟರಿನಿಂದ ಎದ್ದು ಬಂದವನಿಗೆ ಉತ್ತರ ಸಿಕ್ಕಿದ್ದು 2017ರಲ್ಲಿ. ಅಂಥ ಕಡೆ ಹಿಂದಿನದು ಗೊತ್ತಿಲ್ಲದಿದ್ದರೆ ಮುಂದಿನದು ಹಿಡಿತಕ್ಕೆ ಬರುವುದಿಲ್ಲ. ಅದಕ್ಕೇ ಎರಡನೇ ‘ಬಾಹುಬಲಿ’ ತೆರೆಯ ಮೇಲೆ ಹೆಸರುಗಳು ಬರುವಾಗಲೇ ಮೊದಲ ಭಾಗದ ಘಟನೆಗಳನ್ನು ನಿಂತ ಶಿಲ್ಪಗಳಂತೆ ತೋರಿಸಿ, ಹಾಡಿನ ಜೊತೆಗೇ ಮುಗಿಸಿಬಿಟ್ಟಿತು. ಆ ಬಗೆಗೆ ಅದು ಸರಿ.

ಇನ್ನೊಂದು ಬಗೆಯಲ್ಲಿ ಪ್ರತಿ ಸಿನಿಮಾಕ್ಕೂ ಹೊಸ ಪ್ರಕರಣ. ಕನ್ನಡದಲ್ಲಿ ಇದಕ್ಕೆ ದೊಡ್ಡ ಮಾದರಿಯೇ ಇದೆ. ದೊರೆ-ಭಗವಾನ್ ಜೋಡಿ ರಾಜಕುಮಾರ್ ಅವರನ್ನು ಸಿಐಡಿ 999 ಮಾಡಿ 1968ರಲ್ಲಿ ‘ಜೇಡರ ಬಲೆ’ ತಂದರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಬಂದವು. ನಾಲ್ಕನೆಯದಾದ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದದ್ದು 1978ರಲ್ಲಿ. ಆ ವರ್ಷ ಟಿಕೆಟ್ ಕೊಂಡು ಒಳಗೆ ಕೂತ ಹತ್ತು ವರ್ಷದ ಹುಡುಗ ‘ಜೇಡರ ಬಲೆ’ ಬಂದಾಗ ತೊಟ್ಟಿಲಲ್ಲಿದ್ದ. ಅವನಿಗೆ ಹಿಂದಿನ ಮೂರು ಕಥೆಗಳ ಹಂಗೇ ಇರಲಿಲ್ಲ. ಮಲಯಾಳದಲ್ಲಿ ಮಮ್ಮುಟ್ಟಿ ಅವರ ಸಿಬಿಐ ಸರಣಿ 1988ರಿಂದ 2022ರವರೆಗೆ ಐದು ಸಿನಿಮಾ ಬಂತು. ನಿರ್ದೇಶಕ ಕೆ. ಮಧು, ಬರೆದವರು ಎಸ್.ಎನ್. ಸ್ವಾಮಿ, ಐದಕ್ಕೂ ಅವರೇ. ಬೆನ್ನ ಹಿಂದೆ ಕೈ ಕಟ್ಟಿಕೊಂಡು ಮಮ್ಮುಟ್ಟಿಯ ಆ ಸಿಬಿಐ ಅಧಿಕಾರಿ ಕೋಣೆಯೊಳಗೆ ನಡೆದು ಬಂದರೆ ಸಾಕು, ಇವನ ತಲೆ ಓಡುವ ಬಗೆಯೇ ಬೇರೆ ಅನ್ನುವುದು ಹೊಸಬನಿಗೂ ತಿಳಿಯುತ್ತದೆ.

ನಿಮ್ಮ ಕಂಪೌಂಡರ್ ಈ ಎರಡನೇ ಬಗೆ. ಆದರೆ ನಿಮ್ಮ ಚಿತ್ರಕಥೆಯ ಆರಂಭ ಮೊದಲನೇ ಬಗೆಯದು. ಹಿನ್ನೆಲೆ ದನಿಯಲ್ಲಿ ಮೊದಲ ಸಿನಿಮಾದ ಕಳವು, ಎರಡನೇ ಸಿನಿಮಾದ ಸೊಸೈಟಿ ಮೋಸ, ಯಾರು ಯಾರಿಗೆ ಏನಾಗಬೇಕು ಎಲ್ಲ ಸಾಲಾಗಿ ಬರುತ್ತದೆ. ಮೈಸೂರಿನಲ್ಲಿ ಕೂತು ನೋಡುವವನಿಗೆ ಆ ಹೆಸರುಗಳಿಂದ ಏನೂ ಆಗಬೇಕಿಲ್ಲ. ಸಿರುಗುಪ್ಪದಲ್ಲಿ ಕೂತವನಿಗೆ ಎಲ್ಲ ಬಾಯಿಪಾಠ, ಅವನು ಹೊರಗೆ ಹೋಗಿ ಚಹಾ ಕುಡಿದು ಬರುತ್ತಾನೆ. ಹೊಸಬನಿಗೆ ಗೊತ್ತಾಗಬೇಕಾದದ್ದು ಎರಡೇ: ಈ ಮನುಷ್ಯ ಎಂಥವನು, ಊರಿನವರು ಪೊಲೀಸರಿಗೆ ಹೇಳದ ಮಾತನ್ನು ಇವನಿಗೆ ಯಾಕೆ ಹೇಳುತ್ತಾರೆ. ಇವೆರಡನ್ನೂ ಹಿನ್ನೆಲೆ ದನಿಯಿಂದ ಹೇಳಿದರೆ ಯಾರೂ ನಂಬುವುದಿಲ್ಲ. ಕಣ್ಣಿಗೆ ಕಾಣಬೇಕು.

ಈಗ ದೊಡ್ಡಾಟಕ್ಕೆ ಬನ್ನಿ. ಬಳ್ಳಾರಿ, ಕೊಪ್ಪಳ ಸೀಮೆಯ ಹಳ್ಳಿಗಳಲ್ಲಿ ದ್ರೌಪದಿ ವಸ್ತ್ರಾಪಹರಣದ ಆಟ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ. ಮುಂದಿನ ಸಾಲಿನಲ್ಲಿ ಕೂತ ಹಿರಿಯರಿಗೆ ಮಾತು, ಹಾಡು ಎಲ್ಲ ಕಂಠಪಾಠ. ಅವರ ತೊಡೆಯ ಮೇಲಿನ ಮೊಮ್ಮಗನಿಗೆ ಅದೇ ಮೊದಲ ಆಟ. ಇಬ್ಬರು ಪರದೆ ಹಿಡಿದು ನಿಲ್ಲುತ್ತಾರೆ. ಹಿಂದಿನಿಂದ ಗೆಜ್ಜೆ ಸದ್ದು ಬರುತ್ತದೆ, ಕಿರೀಟದ ತುದಿಯಷ್ಟೇ ಪರದೆಯ ಮೇಲೆ ಕಾಣುತ್ತದೆ, ಮದ್ದಳೆ ಏರುತ್ತದೆ. ಪರದೆ ಸರಿದ ಮೇಲೆ ಭುಜಕೀರ್ತಿ ಕಟ್ಟಿದ ದುರ್ಯೋಧನ ಒಂದು ಸುತ್ತು ಕುಣಿದು ಎದುರು ನಿಲ್ಲುತ್ತಾನೆ. ಆಗ ಆಟ ನಡೆಸಿಕೊಡುವ ಸಾರಥಿ ಕೇಳುತ್ತಾನೆ: ‘ತಾವು ಧಾರು?’

ಅವನು ಯಾರೆಂದು ಊರಿಗೆಲ್ಲ ಗೊತ್ತು. ಆದರೂ ಸಾರಥಿ ಕೇಳಲೇಬೇಕು, ಬಂದವನು ತಾನು ಯಾರು, ಯಾವ ಪಟ್ಟಣದವನು, ಈಗ ಯಾತಕ್ಕೆ ಬಂದೆ ಎಂದು ಎದೆ ಸೆಟೆಸಿ ಹೇಳಲೇಬೇಕು. ಮೊಮ್ಮಗನಿಗೆ ಅದರಿಂದ ಕಥೆ ತಿಳಿಯುತ್ತದೆ. ಅಜ್ಜ ಮಾತ್ರ ಬೇರೆಯದನ್ನೇ ಕಾಯುತ್ತಿರುತ್ತಾನೆ. ಈ ಸಲದ ದುರ್ಯೋಧನ ಆ ಮಾತನ್ನು ಹೇಗೆ ಹೇಳುತ್ತಾನೆ, ಉಸಿರು ಎಲ್ಲಿ ಹಿಡಿಯುತ್ತಾನೆ, ಹೋದ ಸಲದವನಿಗಿಂತ ಮೇಲೋ ಕೆಳಗೋ ಅನ್ನುವುದು ಅವನ ಕುತೂಹಲ. ಪ್ರಶ್ನೆ ಒಂದು, ಉತ್ತರ ಒಂದು, ಕೇಳಿಸಿಕೊಳ್ಳುವವರಿಗೆ ಸಿಗುವುದು ಎರಡು. ಇಬ್ಬರಲ್ಲಿ ಯಾರನ್ನೂ ಬಿಟ್ಟುಕೊಡದ ಈ ಉಪಾಯ ನಮ್ಮ ಹಿರಿಯರ ಬಹಳ ದೊಡ್ಡ ಬುದ್ಧಿವಂತಿಕೆ ಎಂದು ನಾನು ನಂಬಿದ್ದೇನೆ.

ಇದೇ ಕೆಲಸವನ್ನು ಬಹಳ ಜಾಣತನದಿಂದ ಮಾಡಿದ ಸಿನಿಮಾ 2006ರ ‘ಕಸಿನೊ ರಾಯಲ್’. ಜೇಮ್ಸ್ ಬಾಂಡ್ ಸರಣಿ 1962ರಲ್ಲಿ ಶುರುವಾದದ್ದು, ಇದು ಇಪ್ಪತ್ತೊಂದನೆಯದು. ಹೊಸ ತಲೆಮಾರು ಹಿಡಿಯಲೆಂದು ಕಥೆಯನ್ನು ಬಾಂಡ್ ಕೆಲಸಕ್ಕೆ ಸೇರಿದ ಹೊಸತಕ್ಕೆ ಒಯ್ದರು. ಹಿಂದಿನ ಇಪ್ಪತ್ತು ಸಿನಿಮಾದಲ್ಲಿ ಏನಾಯಿತು ಅನ್ನುವುದು ಬೇಕೇ ಆಗಲಿಲ್ಲ. ಹಳಬರು ಕಾಯುವ ‘ಬಾಂಡ್, ಜೇಮ್ಸ್ ಬಾಂಡ್’ ಅನ್ನುವ ಮಾತನ್ನು ಸಿನಿಮಾ ಪೂರ್ತಿ ತಡೆದು ಇಟ್ಟುಕೊಂಡರು. ಕೊನೆಯ ದೃಶ್ಯದಲ್ಲಿ ಕೆರೆಯ ಪಕ್ಕದ ಬಂಗಲೆಗೆ ಒಬ್ಬ ಬಂದು ಇಳಿಯುತ್ತಾನೆ. ಫೋನ್ ಬರುತ್ತದೆ. ‘ಯಾರು?’ ಎಂದು ಕೇಳುತ್ತಾನೆ. ಉತ್ತರವಾಗಿ ಕಾಲಿಗೆ ಗುಂಡು ಬೀಳುತ್ತದೆ. ತೆವಳಿಕೊಂಡು ಮೆಟ್ಟಿಲ ಬಳಿ ಬಂದವನ ಮುಂದೆ ಬಾಂಡ್ ಬಂದು ನಿಂತು ಹೆಸರು ಹೇಳುತ್ತಾನೆ, ಆಗ ಹಳೆಯ ಸಂಗೀತ ಪೂರ್ತಿಯಾಗಿ ಮೊಳಗುತ್ತದೆ. ಸಾರಥಿಯ ಪ್ರಶ್ನೆಯೇ ಅಲ್ಲವೇ ಅದು? ಮೊದಲ ಸಲ ನೋಡುವವನಿಗೆ, ಒರಟನಾಗಿದ್ದ ಹುಡುಗ ಈಗ ಮಾಗಿದ ಬೇಹುಗಾರನಾದ. ನಲವತ್ತನಾಲ್ಕು ವರ್ಷ ನೋಡಿದವನಿಗೆ ತನ್ನ ಬಾಂಡ್ ವಾಪಸ್ ಸಿಕ್ಕ.

ನಮ್ಮಲ್ಲಿಯೂ ಇದು ಗೊತ್ತಿಲ್ಲದ್ದಲ್ಲ. ‘ಕೆಜಿಎಫ್’ನಲ್ಲಿ ಕಥೆ ಹೇಳುವವರ ಎದುರು ಟಿವಿ ಚಾನೆಲ್ಲಿನ ಸಂಪಾದಕಿ ಕೂತು ಪ್ರಶ್ನೆ ಕೇಳುತ್ತಾಳೆ. 2018ರಲ್ಲಿ ಹೇಳಿದವರು ಅನಂತ್ ನಾಗ್ ಅವರ ಪಾತ್ರ. 2022ರಲ್ಲಿ ಆ ಪಾತ್ರದ ಮಗನಾಗಿ ಪ್ರಕಾಶ್ ರಾಜ್ ಬಂದು ಅಪ್ಪ ಬಿಟ್ಟಲ್ಲಿಂದ ಹೇಳಿದರು. ಹೇಳುವವರು ಬದಲಾದರೂ ಕೇಳುವ ಕುರ್ಚಿ ಹಾಗೇ ಉಳಿಯಿತು. ಇನ್ನೂ ಒಳ್ಳೆಯದು ‘ಆಪ್ತರಕ್ಷಕ’. 2004ರ ‘ಆಪ್ತಮಿತ್ರ’ದ ಮುಂದುವರಿಕೆಯಾಗಿ 2010ರಲ್ಲಿ ಬಂದ ಆ ಸಿನಿಮಾದಲ್ಲಿ ನಾಗವಲ್ಲಿಯ ಚಿತ್ರಪಟ ಬೇರೊಂದು ಮನೆ ಸೇರುತ್ತದೆ. ಆ ಮನೆಯವರಿಗೆ ನಾಗವಲ್ಲಿ ಯಾರೆಂದೇ ಗೊತ್ತಿಲ್ಲ. ಗೊತ್ತಿರುವುದು ವಿಷ್ಣುವರ್ಧನ್ ಮಾಡಿದ ಡಾಕ್ಟರ್ ವಿಜಯ್‌ಗೆ, ಮತ್ತು ಥಿಯೇಟರಿನಲ್ಲಿ ಕೂತ ಹಳಬರಿಗೆ. ಹೊಸಬ ಆ ಮನೆಯವರ ಜೊತೆ ಕೂತು ಹೆದರುತ್ತಾನೆ, ಹಳಬ ಡಾಕ್ಟರ್ ಯಾವಾಗ ಬರುತ್ತಾರೆ ಎಂದು ಕಾಯುತ್ತಾನೆ. ಒಂದು ಚಿತ್ರಪಟ ಇಬ್ಬರಿಗೂ ಸಾಕಾಯಿತು.

ನಿಮ್ಮ ಹನ್ನೊಂದನೇ ಪುಟದಲ್ಲಿ ಒಂದು ದೃಶ್ಯವಿದೆ. ಅದನ್ನು ನೀವು ಹಾಸ್ಯಕ್ಕೆಂದು ಇಟ್ಟಂತಿದೆ, ನನಗೆ ಅದೇ ನಿಮ್ಮ ಸಿನಿಮಾದ ಬಾಗಿಲು ಅನ್ನಿಸಿತು. ಮುದುಕಿಯೊಬ್ಬಳು ಸೊಂಟನೋವೆಂದು ಬರುತ್ತಾಳೆ. ಕಾಕಾ ಮಾತಾಡದೆ ಹಳೇ ಪೇಪರಿನ ಚೂರಿನಲ್ಲಿ ಗುಳಿಗೆ ಕಟ್ಟುತ್ತಾನೆ. ಪೊಟ್ಟಣ ಮಡಿಸುತ್ತ ಮಡಿಸುತ್ತ ಅವಳ ಮುಂಗೈ ನೋಡುತ್ತಾನೆ. ಬಂಗಾರದ ಬಳೆ ಇದ್ದ ಜಾಗದಲ್ಲಿ ಬಿಸಿಲು ಕಾಣದ ಬಿಳಿ ಗೆರೆ ಇದೆ. ಬಳೆಯ ವಿಷಯ ಎತ್ತುವುದೇ ಇಲ್ಲ. ‘ಮಗ ಊರಿಗೆ ಬಂದಾನೇನಬೇ?’ ಅಂತ ಕೇಳುತ್ತಾನೆ. ಮುದುಕಿ ಸೆರಗು ಬಾಯಿಗೆ ಹಿಡಿಯುತ್ತಾಳೆ.

ಇದನ್ನು ಮೊದಲ ಪುಟಕ್ಕೆ ತನ್ನಿ. ಇದಕ್ಕಿಂತ ಮೊದಲು ಏನೂ ಬೇಡ. ಹಳಬ ಪೊಟ್ಟಣ ಮಡಿಸುವ ಕೈ ಕಂಡ ಕೂಡಲೇ ನೇರವಾಗಿ ಕೂರುತ್ತಾನೆ, ಯಾಕೆಂದರೆ ಆ ಕೈ ನಿಧಾನವಾಯಿತು ಅಂದರೆ ಕಾಕಾ ಏನೋ ಹಿಡಿದ ಎಂದು ಅವನಿಗೆ ಗೊತ್ತು. ಹೊಸಬನಿಗೆ ಎರಡೇ ನಿಮಿಷದಲ್ಲಿ ಈತ ಕಣ್ಣಿನಿಂದ ಕೆಲಸ ಮಾಡುವವನು, ಕಳ್ಳನನ್ನು ಹಿಡಿಯುವುದಕ್ಕಿಂತ ಮುದುಕಿಯ ಮಾನ ಉಳಿಸುವುದು ಇವನಿಗೆ ಮುಖ್ಯ ಅನ್ನುವುದು ತಿಳಿಯುತ್ತದೆ. ಊರು ಇವನಿಗೆ ಯಾಕೆ ಬಾಯಿ ಬಿಡುತ್ತದೆ ಅನ್ನುವುದೂ ಅಲ್ಲೇ ಇದೆ. ಏಳು ನಿಮಿಷದ ಹಿನ್ನೆಲೆ ದನಿ ಮಾಡಲಾಗದ್ದನ್ನು ಈ ದೃಶ್ಯ ಮಾಡುತ್ತದೆ.

ಇನ್ನು ಹುಡುಗಿ. ನಿರ್ಮಾಪಕರ ಸಲಹೆಯಲ್ಲಿ ತಪ್ಪಿಲ್ಲ, ಹೊಸ ಕಣ್ಣು ಬೇಕು. ಆದರೆ ನೀವು ಬರೆದ ನರ್ಸ್ ಬೆಂಗಳೂರಿನಿಂದ ವರ್ಗವಾಗಿ ಬಂದು, ಪ್ರತಿ ದೃಶ್ಯದಲ್ಲೂ ‘ಯಾಕೆ ಕಾಕಾ?’ ‘ಹೇಗೆ ಗೊತ್ತಾಯ್ತು ಕಾಕಾ?’ ಅನ್ನುತ್ತಾಳೆ. ಅವಳಿಗೆ ತನ್ನದೇ ಆದ ಸಂಕಟವಿಲ್ಲ. ಪ್ರೇಕ್ಷಕನ ಪರವಾಗಿ ಪ್ರಶ್ನೆ ಕೇಳಲು ಸಂಬಳಕ್ಕೆ ಇಟ್ಟವಳಂತೆ ಇದ್ದಾಳೆ. ಸಾರಥಿಯ ಕೆಲಸ ಒಂದು ರಾತ್ರಿಯ ಆಟಕ್ಕೆ ಸರಿ, ಅಲ್ಲಿ ಅವನು ಆ ರಂಗದ ಕಟ್ಟಳೆಯ ಭಾಗ. ಸಿನಿಮಾದಲ್ಲಿ ಎರಡೂವರೆ ತಾಸು ಮುಖ್ಯ ಪಾತ್ರವಾಗಿ ಇರಬೇಕಾದವಳಿಗೆ ಹಳೆಯ ಪಾತ್ರದಿಂದ ಏನೋ ಬೇಕಾಗಿರಬೇಕು. ಅದನ್ನು ಕೊಡಲು ಹಳೆಯ ಪಾತ್ರಕ್ಕೆ ಮನಸ್ಸಿರಬಾರದು.

2015ರ ‘ಕ್ರೀಡ್’ ನೋಡಿ. ‘ರಾಕಿ’ ಬಂದದ್ದು 1976ರಲ್ಲಿ. ನಲವತ್ತು ವರ್ಷದ ಹತ್ತಿರ ಆದ ಮೇಲೆ ನಿರ್ದೇಶಕ ರಯಾನ್ ಕೂಗ್ಲರ್ ರಾಕಿಯ ಎದುರಾಳಿಯಾಗಿದ್ದು ಆಮೇಲೆ ಗೆಳೆಯನಾದ ಅಪೊಲೊನ ಮಗನನ್ನು ನಾಯಕ ಮಾಡಿದರು. ಆ ಹುಡುಗನಿಗೆ ರಾಕಿಯಿಂದ ತರಬೇತಿ ಬೇಕು, ರಾಕಿಗೆ ಆ ಬಾಕ್ಸಿಂಗ್ ಲೋಕವೇ ಬೇಡವಾಗಿದೆ. ಅಷ್ಟೇ ಸಾಕು, ಕಥೆ ನಡೆಯುತ್ತದೆ. ಹಳೆಯ ‘ರಾಕಿ’ಯಲ್ಲಿ ಫಿಲಡೆಲ್ಫಿಯಾದ ಮ್ಯೂಸಿಯಂ ಮೆಟ್ಟಿಲನ್ನು ಓಡಿ ಹತ್ತುವ ದೃಶ್ಯ ಜಗತ್ತಿಗೇ ಗೊತ್ತು. ‘ಕ್ರೀಡ್’ನ ಕೊನೆಗೆ ಅದೇ ಮೆಟ್ಟಿಲನ್ನು ಕಾಯಿಲೆಯಿಂದ ಸೋತ ರಾಕಿ ಹುಡುಗನ ಜೊತೆ ಒಂದೊಂದಾಗಿ ಹತ್ತುತ್ತಾನೆ, ನಡುವೆ ನಿಲ್ಲುತ್ತಾನೆ. ಹಳೆಯ ಸಿನಿಮಾ ನೋಡದವನಿಗೆ ಅದು ದಣಿದ ಮುದುಕ ಮತ್ತು ಅವನನ್ನು ಬಿಟ್ಟುಹೋಗದ ಹುಡುಗ. ನೋಡಿದವನಿಗೆ ಗಂಟಲು ಕಟ್ಟುತ್ತದೆ. ಮೆಟ್ಟಿಲನ್ನು ಬರೀ ತೋರಿಸಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಅವರು ಅದಕ್ಕೆ ಹೊಸ ಕೆಲಸ ಕೊಟ್ಟರು.

ನಿಮ್ಮ ಎರಡನೇ ಸಿನಿಮಾದಲ್ಲಿ ಕಾಕಾ ಸೊಸೈಟಿ ಕಾರ್ಯದರ್ಶಿಯ ಮೋಸ ಬಯಲು ಮಾಡಿದ. ಆ ಕಾರ್ಯದರ್ಶಿಗೆ ಒಬ್ಬ ಮಗಳಿದ್ದರೆ? ಅವಳೇ ನರ್ಸ್ ಆಗಿ ಅದೇ ದವಾಖಾನೆಗೆ ಬಂದರೆ? ಅಪ್ಪ ನಿರಪರಾಧಿ ಎಂದು ಅವಳು ನಂಬಿದ್ದಾಳೆ, ಅದಕ್ಕೆ ಕಾಕಾನ ಬಾಯಿಂದ ಒಂದು ಮಾತು ಬೇಕಾಗಿದೆ. ಊರಿನವರ ಬಾಯಿ ಬಿಡಿಸುವ ಮನುಷ್ಯ ತಾನೇ ಬಾಯಿ ಬಿಡುತ್ತಿಲ್ಲ. ಆಗ ಹಿಂದಿನ ಕಥೆ ಜಗಳದ ನಡುವೆ ತಾನಾಗಿ ಹೊರಬೀಳುತ್ತದೆ. ‘ನಮ್ಮಪ್ಪನ ಚಪ್ಪಲಿ ಮ್ಯಾಲಿನ ಮಣ್ಣು ನೋಡಿ ಕಳ್ಳ ಅಂದ್ರಿ, ಆ ಮಣ್ಣು ಎಲ್ಲಿದಂತ ಕೇಳಿದ್ರೇನು?’ ಅಂತ ಅವಳು ಕೇಳಿದರೆ, ಹೊಸಬನಿಗೆ ಎರಡನೇ ಸಿನಿಮಾದ ಸಾರ ಒಂದು ವಾಕ್ಯದಲ್ಲಿ ಸಿಕ್ಕಿತು. ಸೀಟಿ ಹೊಡೆದು ಮೆಚ್ಚಿದ ದೃಶ್ಯವನ್ನು ಹಳಬ ಇನ್ನೊಂದು ಮಗ್ಗುಲಿನಿಂದ ನೋಡುತ್ತಾನೆ. ಅವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ, ಅವನ ನೆನಪೇ ಈಗ ಕಥೆಯ ಸಾಕ್ಷಿಯಾಯಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಾಕಾ ತಪ್ಪು ಮಾಡಿದ್ದನೇ ಅನ್ನುವ ಅನುಮಾನ ಎಬ್ಬಿಸುವುದು ಅಭಿಮಾನಿಗಳ ಎದೆಗೆ ಕೈ ಹಾಕಿದಂತೆ. ‘ಸ್ಟಾರ್ ವಾರ್ಸ್’ನಲ್ಲಿ ಆದದ್ದು ನೆನಪಿಡಿ. 1977ರಲ್ಲಿ ಶುರುವಾದ ಆ ಸರಣಿ 2015ರಲ್ಲಿ ಹೊಸ ಹುಡುಗಿ ರೇಯನ್ನು ನಾಯಕಿ ಮಾಡಿ ಮತ್ತೆ ಎದ್ದಿತು, ಜಗತ್ತಿನಲ್ಲಿ 200 ಕೋಟಿ ಡಾಲರ್ ಮೀರಿ ಗಳಿಸಿತು. ಅದರ ಕೊನೆಯಲ್ಲಿ ರೇ ಹಳೆಯ ನಾಯಕ ಲೂಕ್‌ನ ಎದುರು ನಿಂತು ಅವನ ಬೆಳಕಿನ ಖಡ್ಗವನ್ನು ಚಾಚುತ್ತಾಳೆ. ಅಭಿಮಾನಿಗಳು ಎರಡು ವರ್ಷ ಆ ಚಾಚಿದ ಕೈಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಕಾದರು. 2017ರ ಸಿನಿಮಾದಲ್ಲಿ ಲೂಕ್ ಅದನ್ನು ತೆಗೆದುಕೊಂಡು ಹೆಗಲ ಹಿಂದಕ್ಕೆ ಎಸೆದುಬಿಟ್ಟ. ಹೊಸಬನಿಗೆ ಅದರಲ್ಲಿ ವಿಶೇಷವಿಲ್ಲ, ಮುದುಕನಿಗೆ ಯುದ್ಧ ಬೇಡ ಅಷ್ಟೇ. ಹಳಬರಲ್ಲಿ ಬಹಳ ಜನರಿಗೆ ಅದು ಅವಮಾನವಾಗಿ ಕಂಡಿತು, ದೊಡ್ಡ ಗದ್ದಲವೇ ಆಯಿತು.

ನನ್ನ ಅಭಿಪ್ರಾಯದಲ್ಲಿ ಲೂಕ್ ಬದಲಾದದ್ದು ತಪ್ಪಲ್ಲ. ಮೂವತ್ತು ವರ್ಷದಲ್ಲಿ ಮನುಷ್ಯ ಸೋಲಬಹುದು, ಸೋತವನು ಮತ್ತೆ ಏಳುವುದು ಒಳ್ಳೆಯ ಕಥೆ. ಆದರೆ ಯಾಕೆ ಸೋತ ಅನ್ನುವುದು ತಿಳಿಯುವ ಮುಂಚೆಯೇ ನಗು ತರಿಸುವ ಹಾಗೆ ಖಡ್ಗ ಎಸೆಸಿದ್ದು ಕೆಟ್ಟಿತು. ಕಾರಣ ತಡವಾಗಿ ಬಂತು, ಅಷ್ಟರಲ್ಲಿ ನೋಡುವವನ ಮನಸ್ಸು ಮುರಿದಿತ್ತು. 2019ರ ಸಿನಿಮಾ ಅದಕ್ಕಿಂತ ದೊಡ್ಡ ತಪ್ಪು ಮಾಡಿತು. ಅದೇ ಲೂಕ್ ಬಂದು ಎಸೆದ ಖಡ್ಗವನ್ನು ಹಿಡಿದು, ಅದಕ್ಕೆ ಹೆಚ್ಚಿನ ಮರ್ಯಾದೆ ಸಲ್ಲಬೇಕು ಎನ್ನುವ ಮಾತು ಆಡುತ್ತಾನೆ. ಕಥೆಗೆ ಆ ಮಾತು ಬೇಕಿರಲಿಲ್ಲ, ಗದ್ದಲ ಮಾಡಿದವರಿಗೆ ಸಮಾಧಾನ ಹೇಳಲು ಬರೆದಂತಿತ್ತು. ಆ ಸಿನಿಮಾದ ಗಳಿಕೆ 100 ಕೋಟಿ ಡಾಲರಿನ ಆಸುಪಾಸಿಗೆ, ಅಂದರೆ 2015ರದರ ಅರ್ಧದ ಹತ್ತಿರಕ್ಕೆ ನಿಂತಿತು. ಗಳಿಕೆಗೆ ನೂರು ಕಾರಣ ಇರಬಹುದು. ಅಭಿಮಾನಿಗಳಿಗೆ ಹೆದರಿ ಬರೆದ ಪುಟ ಅಭಿಮಾನಿಗಳಿಗೂ ರುಚಿಸುವುದಿಲ್ಲ ಎಂಬುದಂತೂ ನನ್ನ ಗಟ್ಟಿ ನಂಬಿಕೆ.

ಆದ್ದರಿಂದ ಕಾಕಾ ಬಾಯಿ ಬಿಡದೆ ಇರುವುದಕ್ಕೆ ಒಂದು ಘನವಾದ ಕಾರಣ ಇದೆ ಅನ್ನುವುದು ಮೊದಲ ಅರ್ಧದಲ್ಲೇ ವಾಸನೆ ಬಡಿಯಬೇಕು. ಕಾರಣ ಏನೆಂದು ಆಮೇಲೆ ಹೇಳಿ. ಅವನು ಯಾರದೋ ಮಾನ ಕಾಯಲು ಸುಮ್ಮನಿದ್ದಾನೆ ಅಂದರೆ ಮುದುಕಿಯ ಬಳೆಯ ದೃಶ್ಯಕ್ಕೂ ಇದಕ್ಕೂ ಗಂಟು ಬೀಳುತ್ತದೆ. ಕಾಕಾನ ನ್ಯಾಯಬುದ್ಧಿಯ ಮೇಲೆ ಅನುಮಾನ ಬರಬಹುದು, ಅವನ ಕರುಣೆಯ ಮೇಲೆ ಬರಬಾರದು. ನಿಮ್ಮ ಅಭಿಮಾನಿಗಳು ಪ್ರೀತಿಸಿದ್ದು ಕರುಣೆಯನ್ನು. ‘ಕಾಕಾನ ಕೆಡಿಸಬ್ಯಾಡ್ರಿ’ ಅಂತ ಅವರು ಹೇಳುವುದೂ ಅದನ್ನೇ ಎಂದು ನನಗೆ ಅನ್ನಿಸುತ್ತದೆ. ಅವನ ಸೈಕಲ್, ಅವನ ಕನ್ನಡಕ, ಅವನ ಚಹಾ ಅಂಗಡಿ ಹಾಗೇ ಇರಲಿ ಎಂದು ಅವರು ಬರೆದು ಕಳಿಸಬಹುದು. ಅವೆಲ್ಲ ಬದಲಾದರೂ ನಡೆಯುತ್ತದೆ.

ಭಾಷೆಯ ಪ್ರಶ್ನೆಗೆ ನನ್ನ ಉತ್ತರ ಖಡಾಖಂಡಿತ. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಕರಾವಳಿಯ ಮಾತಿನಲ್ಲೇ ಬಿಡುಗಡೆ ಆಯಿತು. ರಾಯಚೂರು, ಬಳ್ಳಾರಿ ಕಡೆಯ ನಮಗೂ ಆ ಮಾತು ಹೊಸತೇ. ಮೊದಲ ಹತ್ತು ನಿಮಿಷ ಕಿವಿ ಚುರುಕು ಮಾಡಿಕೊಂಡು ಕೂತೆವು, ಆಮೇಲೆ ಭಾಷೆ ಅಡ್ಡಿಯಾಗಲಿಲ್ಲ. ಎರಡು ವಾರದಲ್ಲಿ ಹಿಂದಿಗೆ ಹೋಯಿತು, ದೇಶದ ತುಂಬ ನಡೆಯಿತು. ಅದಕ್ಕೂ ಮುಂಚೆ ‘ತಿಥಿ’ ಮಂಡ್ಯದ ಹಳ್ಳಿ ಮಾತನ್ನು ಹಾಗೇ ಇಟ್ಟುಕೊಂಡು, ನಟರಲ್ಲದ ಊರಿನವರಿಂದಲೇ ಆಡಿಸಿ, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ನಮ್ಮ ಕಡೆಯ ಮಾತನ್ನು ಎಷ್ಟೋ ವರ್ಷ ಸಿನಿಮಾದವರು ನಗಿಸುವ ಪಾತ್ರಕ್ಕೆ ಮೀಸಲಿಟ್ಟರು. ನಿಮ್ಮ ಎರಡು ಸಿನಿಮಾಗಳಲ್ಲಿ ಅದೇ ಮಾತಿನಲ್ಲಿ ಒಬ್ಬ ಮನುಷ್ಯ ಯೋಚನೆ ಮಾಡುತ್ತಾನೆ, ದುಃಖಪಡುತ್ತಾನೆ, ಸತ್ಯ ಹುಡುಕುತ್ತಾನೆ. ಅದನ್ನು ಕಾಮನ್ ಮಾಡಿದ ದಿನ ಕಂಪೌಂಡರ್ ಉಳಿಯುವುದಿಲ್ಲ. ಈ ಒಂದು ವಿಷಯದಲ್ಲಿ ನಿರ್ಮಾಪಕರ ಎದುರು ಗಟ್ಟಿಯಾಗಿ ನಿಲ್ಲಿ ಎಂದು ಕೈಮುಗಿದು ಕೇಳುತ್ತೇನೆ.

ಹೊಸಬನಿಗೆ ದಾರಿ ಮಾಡಿಕೊಡುವುದು ಬರವಣಿಗೆಯಿಂದ ಆಗಬೇಕು. ಮೊದಲ ಹದಿನೈದು ನಿಮಿಷ, ಕಿವಿಗೆ ಹೊಸದಾದ ಪದ ಬಂದಾಗಲೆಲ್ಲ ಆ ವಸ್ತು ಕೈಯಲ್ಲಿರಲಿ, ಆ ಕೆಲಸ ಕಣ್ಣೆದುರು ನಡೆಯುತ್ತಿರಲಿ. ‘ಗುಳಿಗಿ’ ಅನ್ನುವಾಗ ಗುಳಿಗೆ ಅಂಗೈ ಮೇಲೆ ಬೀಳಲಿ. ಇಬ್ಬರು ಒಟ್ಟಿಗೆ ಮಾತಾಡುವ ದೃಶ್ಯಗಳನ್ನು ಸ್ವಲ್ಪ ಮುಂದಕ್ಕೆ ಹಾಕಿ. ಮೊದಲು ಒಬ್ಬರು ಮಾತಾಡಿ ಇನ್ನೊಬ್ಬರು ಕೇಳುವ ದೃಶ್ಯ ಬರಲಿ. ಧ್ವನಿಮುದ್ರಣಕ್ಕೆ ಹಣ ಹೆಚ್ಚು ಕೇಳಿ. ಮಾತು ತಿಳಿಯಲಿಲ್ಲ ಎಂದು ದೂರುವ ಅರ್ಧದಷ್ಟು ಜನರಿಗೆ ನಿಜವಾಗಿ ಸರಿಯಾಗಿ ಕೇಳಿಸಿರುವುದಿಲ್ಲ.

ತೆಲುಗು ಡಬ್ಬಿಂಗ್ ಬಗ್ಗೆಯೂ ಇದೇ ಮಾತು. ಬಳ್ಳಾರಿಯಲ್ಲಿ ತೆಲುಗು ಸಿನಿಮಾ ತೆಲುಗಿನಲ್ಲೇ ಓಡುತ್ತದೆ. ಕನ್ನಡ, ತೆಲುಗು ಎರಡರಲ್ಲೂ ರಂಗದ ಮೇಲೆ ಮೆರೆದ ಬಳ್ಳಾರಿ ರಾಘವರ ಊರು ಅದು. ಇಲ್ಲಿಯ ಪ್ರೇಕ್ಷಕ ಎರಡೂ ಕಿವಿ ಇಟ್ಟುಕೊಂಡು ಕೂರುತ್ತಾನೆ. ಕಂಪೌಂಡರ್ ಕಾಕಾ ಹೈದರಾಬಾದಿನ ಸ್ಟುಡಿಯೋದ ನಯವಾದ ತೆಲುಗು ಮಾತಾಡಿದರೆ ಅನಂತಪುರ, ಕರ್ನೂಲು, ಗದ್ವಾಲಿನವರಿಗೂ ಅವನು ಪರಕೀಯನೇ. ಆ ಕಡೆಯ ಹಳ್ಳಿ ತೆಲುಗು ಬಲ್ಲವರಿಂದ ಸಂಭಾಷಣೆ ಬರೆಸಿ. ಆಗ ಅಲ್ಲಿಯ ಹೊಸಬನಿಗೆ ಈತ ತನ್ನ ಪಕ್ಕದ ಊರಿನವನು ಅನ್ನಿಸುತ್ತಾನೆ. ಅಷ್ಟಕ್ಕೂ ಅದು ನಿಜವೇ.

‘ಎರಡ್ ಗುಳಿಗಿ ಕೊಡ್ತೀನಿ, ಒಂದ್ ಖರೆ ಹೇಳು’ ಅನ್ನುವ ಮಾತು ಇಪ್ಪತ್ತು ಪುಟದಲ್ಲೇ ನಾಲ್ಕು ಸಲ ಬಂದಿದೆ. ಹೊಸಬನಿಗೆ ಮೊದಲನೆಯ ಸಲ ಅದು ಅರ್ಥವಾಗದ ಚಪ್ಪಾಳೆ ಗಿಟ್ಟಿಸುವ ಮಾತು, ಹಳಬನಿಗೆ ನಾಲ್ಕನೇ ಸಲ ಸಾಕಾದ ಮಾತು. ಸಿನಿಮಾದಲ್ಲಿ ಎರಡು ಸಲ ಸಾಕು. ಮಧ್ಯಂತರಕ್ಕೆ ಸ್ವಲ್ಪ ಮುಂಚೆ ಕಾಕಾ ಒಬ್ಬರಿಗೆ ಹೇಳಲಿ, ಅಲ್ಲಿ ಅದರ ಅರ್ಥ ಹೊಸಬನಿಗೂ ಗೊತ್ತಾಗಲಿ. ಎರಡನೇ ಸಲ, ಕೊನೆಯ ಭಾಗದಲ್ಲಿ, ಆ ಹುಡುಗಿ ಕಾಕಾನಿಗೇ ಹೇಳಲಿ, ಪೊಟ್ಟಣ ಅವಳ ಕೈಯಲ್ಲಿರಲಿ. ಥಿಯೇಟರಿನಲ್ಲಿ ಸೀಟಿ ಬೀಳುತ್ತದೋ ಸದ್ದಡಗುತ್ತದೋ ನನಗೆ ಗೊತ್ತಿಲ್ಲ, ಎರಡರಲ್ಲಿ ಯಾವುದಾದರೂ ಸರಿಯೇ.

ಅಭಿಮಾನಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಬೆಂಗಳೂರಿನಲ್ಲಿ ಯಾರಾದರೂ ಹಾಗೆ ಮಾತಾಡಿದರೆ ಒಪ್ಪಬೇಡಿ. ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಹತ್ತು ಜನಕ್ಕೆ ಹೇಳಿ ಥಿಯೇಟರಿಗೆ ಕರೆತಂದವರು ಅವರು. ಆದರೆ ಸಿನಿಮಾ ಬರುವ ಮುಂಚಿನ ಸಿಟ್ಟು ಸಿನಿಮಾದ ಮೇಲಿನ ಸಿಟ್ಟಲ್ಲ. 2005ರಲ್ಲಿ ಡೇನಿಯಲ್ ಕ್ರೇಗ್ ಹೊಸ ಬಾಂಡ್ ಎಂದಾಗ, ಹೊಂಬಣ್ಣದ ಕೂದಲಿನವನು ಬಾಂಡ್ ಹೇಗಾದಾನು ಎಂದು ಬಹಿಷ್ಕಾರದ ಕೂಗೆದ್ದಿತ್ತು. ಮುಂದಿನ ವರ್ಷ ‘ಕಸಿನೊ ರಾಯಲ್’ ಅಲ್ಲಿಯವರೆಗಿನ ಬಾಂಡ್ ಸಿನಿಮಾಗಳಲ್ಲೇ ಹೆಚ್ಚು ಗಳಿಸಿತು. ಅವರಿಗೆ ಈಗ ಏನನ್ನೂ ವಿವರಿಸಲು ಹೋಗಬೇಡಿ. ಕಥೆಯ ಗುಟ್ಟು ಬಿಟ್ಟುಕೊಡಬೇಡಿ. ಮೊದಲ ಪ್ರದರ್ಶನ ಮಾತ್ರ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಬೇಡ, ಸಿಂಧನೂರಿನಲ್ಲೋ ಗಂಗಾವತಿಯಲ್ಲೋ ಇಡಿ. ಅದು ಅವರ ಹಕ್ಕು.

ಚಿತ್ರೀಕರಣಕ್ಕೆ ಮುಂಚೆ ಒಂದು ಕೆಲಸ ಮಾಡಿ, ಖರ್ಚಿಲ್ಲದ್ದು. ತಿದ್ದಿದ ಮೊದಲ ಇಪ್ಪತ್ತು ಪುಟವನ್ನು ಮೊದಲೆರಡು ಸಿನಿಮಾ ನೋಡಿರದ, ಹಳೇ ಮೈಸೂರು ಕಡೆಯ ಯಾರಿಗಾದರೂ ಓದಿ ಹೇಳಿ. ಹೇಗಿದೆ ಎಂದು ಕೇಳಬೇಡಿ, ಚೆನ್ನಾಗಿದೆ ಅಂದುಬಿಡುತ್ತಾರೆ. ಕಥೆಯನ್ನು ವಾಪಸ್ ಹೇಳಿಸಿ. ಅವರು ತಡವರಿಸಿದ ಜಾಗ ನಿಮ್ಮ ಕೆಲಸ ಬಾಕಿ ಇರುವ ಜಾಗ. ಆಮೇಲೆ ಅದೇ ಪುಟಗಳನ್ನು ನಿಮ್ಮ ಹಳೆಯ ಅಭಿಮಾನಿಯೊಬ್ಬನಿಗೆ ಓದಿ, ಮುಂದಿನದನ್ನು ಅವನು ಮೊದಲೇ ಹೇಳಿಬಿಡುತ್ತಾನೋ ನೋಡಿ. ಹೇಳಿಬಿಟ್ಟರೆ ಆ ದೃಶ್ಯ ಮತ್ತೆ ಬರೆಯಬೇಕು. ಎರಡೂ ಆದ ಮೇಲೆ ಪುಟಗಳನ್ನು ನನಗೆ ಕಳಿಸಿ, ಹುಡುಗಿಯ ಮೊದಲ ದೃಶ್ಯ ಎಲ್ಲಿ ಇಡಬೇಕೆಂದು ಕೂತು ನೋಡೋಣ.